ಬಾಯಿಪಾಠ ಬರುತ್ತದೆ, ಅರ್ಥ ಗೊತ್ತಿಲ್ಲ: ಮೊದಲ ಪರಮಪ್ರಸಾದದ ಮಕ್ಕಳಿಗೆ ನೀವು ಹೇಗೆ ಕಲಿಸುತ್ತೀರಿ?

ಭಾನುವಾರದ ಟೀಚರ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) 6 ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ, ಅಂದರೆ ನಮ್ಮ ಧರ್ಮದ ಪಾಠ ಕಲಿಸುತ್ತಿದ್ದೇನೆ. ಈ ವರ್ಷ ಮೊದಲ ಪರಮಪ್ರಸಾದದ ಮಕ್ಕಳನ್ನು ನನಗೆ ಒಪ್ಪಿಸಿದ್ದಾರೆ. ಪೂಜೆಯಲ್ಲಿ ಯೇಸುವಿನ ಶರೀರವೆಂದು ನಂಬಿ ನಾವು ಸ್ವೀಕರಿಸುವ ರೊಟ್ಟಿಯೇ ಪರಮಪ್ರಸಾದ. ಒಟ್ಟು 17 ಮಕ್ಕಳು, ಎಲ್ಲರೂ ಎಂಟು ಒಂಬತ್ತು ವರ್ಷದವರು. ಬೆಳಗಿನ ಕನ್ನಡ ಪೂಜೆ ಮುಗಿದ ಮೇಲೆ ಒಂದು ಗಂಟೆ ಕ್ಲಾಸು.

ಹೋದ ಭಾನುವಾರ ಪ್ರಾರ್ಥನೆ ಒಪ್ಪಿಸಲು ಹೇಳಿದೆ. ಒಬ್ಬಳು ಹುಡುಗಿ ಎದ್ದು ನಿಂತು 'ನಮ್ಮ ತಂದೆಯೇ' ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಒಂದಕ್ಷರ ತಪ್ಪಿಲ್ಲ. ಸುಮ್ನೆ ಕೇಳಿದೆ, "ನಿಮ್ಮ ಚಿತ್ತ ನೆರವೇರಲಿ ಅಂದ್ವಲ್ಲ, ಚಿತ್ತ ಅಂದರೆ ಏನು ಪುಟ್ಟಿ?" ಅವಳು ಸ್ವಲ್ಪ ಯೋಚಿಸಿ, "ತಪ್ಪು ಬರೆದಾಗ ಅದರ ಮೇಲೆ ಗೀಟು ಹೊಡೀತೀವಲ್ಲ ಮಿಸ್, ಚಿತ್ತು, ಅದು" ಅಂದಳು. ಉಳಿದ ಮಕ್ಕಳು ಹೌದು ಹೌದು ಎಂದು ತಲೆ ಆಡಿಸಿದರು. ಯಾರಿಗೂ ಅನುಮಾನವೇ ಇಲ್ಲ. ಇಷ್ಟು ದಿನ ಅವರು ದೇವರಿಗೆ ಏನು ಹೇಳುತ್ತಿದ್ದೇವೆ ಅಂದುಕೊಂಡಿದ್ದರೋ ಎಂದು ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಆಮೇಲೆ ಪಾಪನಿವೇದನೆಯ ಪಾಠ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದರ ಬಗ್ಗೆ. ಪಾಪ ಅಂದರೆ ಏನು ಎಂದು ಪುಸ್ತಕದಲ್ಲಿ ಇದ್ದ ಹಾಗೆ ಹೇಳಿದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ಪಾಪ ಮಾಡಿದವರು ಪಾಪ ಅಲ್ವಾ?" ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಉತ್ತರ ಹೊಳೆಯಲಿಲ್ಲ. "ಮುಂದಿನ ವಾರ ಹೇಳುತ್ತೇನೆ" ಅಂದುಬಿಟ್ಟೆ.

ಇನ್ನು 5 ತಿಂಗಳಿದೆ. ಫಾದರ್ ಬಂದಾಗ ಪ್ರಾರ್ಥನೆಗಳನ್ನೇ ಕೇಳುತ್ತಾರೆ. ಅಪ್ಪ ಅಮ್ಮಂದಿರು ಬಿಳಿ ಬಟ್ಟೆ, ಕಿರೀಟ, ಊಟಕ್ಕೆ ಹಾಲ್ ಅಂತ ಓಡಾಡುತ್ತಿದ್ದಾರೆ. ನಾನು ಬಾಯಿಪಾಠ ಮುಗಿಸಲೋ, ಒಂದೊಂದು ಮಾತನ್ನೂ ಹಿಡಿದು ಕೂರಲೋ? ಕಲಿಸಿದವರು, ಕಲಿತವರು, ಮಕ್ಕಳನ್ನು ಕಳಿಸುವವರು ದಯವಿಟ್ಟು ಹೇಳಿ.

ಎರಡು ಮಕ್ಕಳ ಅಮ್ಮ (ಮೈಸೂರು)

ಟೀಚರ್, ಆ ಹುಡುಗನ ಪ್ರಶ್ನೆ ಓದಿ ಒಲೆ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಅವನು ಪ್ರಶ್ನೆ ಕೇಳಲಿಲ್ಲ, ಪಾಠವನ್ನೇ ಹೇಳಿಬಿಟ್ಟ.

ಲೂಕನ ಶುಭಸಂದೇಶದ 15ನೇ ಅಧ್ಯಾಯ ನೋಡಿ. ಆಸ್ತಿ ಹಾಳು ಮಾಡಿಕೊಂಡು, ಹಂದಿ ಕಾಯ್ದು, ಹಸಿದು ಮನೆಗೆ ಬರುವ ಮಗ. ಅವನು ಇನ್ನೂ ದೂರ ಇರುವಾಗಲೇ ಅಪ್ಪನಿಗೆ ಕಾಣುತ್ತಾನೆ. ಅಪ್ಪನಿಗೆ ಏನನಿಸಿತು? ಕನಿಕರ. ನಮ್ಮ ಮನೆ ಮಾತಿನಲ್ಲಿ ಅದನ್ನು ಏನಂತೀವಿ? 'ಅಯ್ಯೋ ಪಾಪ' ಅಂತೀವಿ. ಮಗ ಮಾಡಿದ್ದೂ ಪಾಪ, ಅಪ್ಪನ ಬಾಯಿಂದ ಬಂದದ್ದೂ ಪಾಪ. ಬೇರೆ ಯಾವ ಭಾಷೆಯ ಮಗುವಿಗೆ ಈ ಭಾಗ್ಯ ಇದೆಯೋ ಗೊತ್ತಿಲ್ಲ, ಕನ್ನಡದ ಮಗುವಿಗಂತೂ ಇದೆ. ಆ ಹುಡುಗನಿಗೆ "ಹೌದು ಕಂದ, ದೇವರಿಗೂ ಹಾಗೇ ಅನಿಸುತ್ತದೆ" ಎಂದು ಹೇಳಿ. ಆಮೇಲೆ ಕಥೆ ಹೇಳಿ. ಪುಸ್ತಕದ ವ್ಯಾಖ್ಯಾನ ಕೊನೆಗೆ ಬರಲಿ.

ಉಪದೇಶಿಯ ಮೊಮ್ಮಗ (ಕನಕಪುರ ಕಡೆ)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗ ಎಲ್ಲ ಕಡೆ ಬಾಯಿಪಾಠ ಕೆಟ್ಟದ್ದು ಎಂದು ಹೇಳುವುದು ಜಾಸ್ತಿಯಾಗಿದೆ. ನಾನು ಒಪ್ಪುವುದಿಲ್ಲ.

ನಮ್ಮ ತಾತ ಉಪದೇಶಿ. ಆಗ ಸ್ವಾಮಿಗಳು (ಫಾದರ್) ನಮ್ಮ ಊರಿಗೆ ತಿಂಗಳಿಗೆ ಒಂದು ಸಲ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಜಪಸರ (ರೋಸರಿ) ಹೇಳಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ, ಮಕ್ಕಳಿಗೆ ಪಾಠ, ಎಲ್ಲ ತಾತನದೇ. ಪಾಠ ಅಂದರೆ ಪ್ರಶ್ನೆ, ಉತ್ತರ. "ನಮ್ಮನ್ನು ಸೃಷ್ಟಿಸಿದವರು ಯಾರು?" ಎಂದು ತಾತ ಕೇಳುವುದು, "ದೇವರು" ಎಂದು ಮಕ್ಕಳು ಕೂಗುವುದು. ಬೇಸಾಯದ ಮನೆಗಳು, ಅರ್ಧ ಜನಕ್ಕೆ ಓದು ಬರಹ ಇಲ್ಲ. ಪುಸ್ತಕ ಇಲ್ಲದವನಿಗೆ ನಾಲಿಗೆಯೇ ಪುಸ್ತಕ ತಾನೆ?

ಈ ಕೆಲಸ ಮೊನ್ನೆ ಮೊನ್ನೆಯದೂ ಅಲ್ಲ. 17ನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಅಂದಿನಿಂದ ಇಂದಿನವರೆಗೆ ನಮ್ಮ ಹಳ್ಳಿಗಳಲ್ಲಿ ವಿಶ್ವಾಸ ಉಳಿದದ್ದು ಬಾಯಿಂದ ಬಾಯಿಗೆ.

ನಮ್ಮಪ್ಪ ತೀರಿಕೊಂಡ ರಾತ್ರಿ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಯೋಚನೆಯೇ ಬರುತ್ತಿರಲಿಲ್ಲ. ಯಾರೋ 'ನಮೋ ಮರಿಯಾ' ಶುರು ಮಾಡಿದರು. ನನ್ನ ಬಾಯಿ ತಾನಾಗಿ ಸೇರಿಕೊಂಡಿತು. ಆ ಹೊತ್ತಿಗೆ ಅರ್ಥ ಹುಡುಕುವ ಶಕ್ತಿ ಯಾರಿಗಿರುತ್ತದೆ? ಎಂಟು ವರ್ಷದಲ್ಲಿ ತಾತ ತುಂಬಿಸಿಟ್ಟದ್ದು ನಲವತ್ತನೇ ವರ್ಷಕ್ಕೆ ಕೈ ಹಿಡಿಯಿತು. ಮಗುವಿಗೆ ಇವತ್ತು ಚಿತ್ತ ಅಂದರೆ ಗೊತ್ತಾಗದಿದ್ದರೆ ನಾಳೆ ಗೊತ್ತಾಗುತ್ತದೆ. ಮಾತೇ ಇಲ್ಲದಿದ್ದರೆ ನಾಳೆ ಯಾವುದಕ್ಕೆ ಅರ್ಥ ಹುಡುಕುತ್ತದೆ?

ಭಾನುವಾರದ ಟೀಚರ್

ಅಣ್ಣ, ನಿಮ್ಮ ಮಾತು ಪೂರ್ತಿ ಒಪ್ಪಿದೆ. ಬಾಯಿಪಾಠ ಬಿಡುವ ಯೋಚನೆ ನನಗೂ ಇಲ್ಲ. ಆದರೆ ಒಂದು ಕೇಳುತ್ತೇನೆ. ನಿಮ್ಮ ತಾತನ ಕಾಲದಲ್ಲಿ ಪೂಜೆ ಲತೀನ್‌ನಲ್ಲಿ ಇತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಗೆ ಜನರ ಭಾಷೆಯನ್ನು ಬಿಟ್ಟುಕೊಟ್ಟಿತು. ಜನರಿಗೆ ಅರ್ಥವಾಗಲಿ, ಅವರೂ ಸೇರಿ ಪ್ರಾರ್ಥಿಸಲಿ ಎಂದಲ್ಲವೇ ಹಾಗೆ ಮಾಡಿದ್ದು? ಈಗ ಕನ್ನಡದಲ್ಲಿ ಪೂಜೆ ನಡೆದರೂ ಮಗುವಿಗೆ ಅದು ಲತೀನ್ ಆಗಿಯೇ ಉಳಿದರೆ ತಪ್ಪು ನಮ್ಮದೇ ಅಲ್ವಾ?

ಉಪದೇಶಿಯ ಮೊಮ್ಮಗ

ಅದು ಸರಿ. ಅದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ತಾತ ಪಾಠ ಆದ ಮೇಲೆ ಕಥೆ ಹೇಳುತ್ತಿದ್ದರು ಎನ್ನುವುದನ್ನು ನಾನೂ ಬರೆಯಬೇಕಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಂತೂ ದಿನವೂ. ನಮ್ಮ ಕಡೆ ಹಾರೋಬೆಲೆಯಲ್ಲಿ ಯೇಸುವಿನ ಯಾತನೆಯ ನಾಟಕ 'ಮಹಿಮೆ' ನಡೆಯುತ್ತದೆ, ನಿಮಗೆ ಗೊತ್ತಿರಬಹುದು. ನೂರು ವರ್ಷ ದಾಟಿದ ಆಟ. ಊರಿನವರೇ ಪಾತ್ರ ಮಾಡುತ್ತಾರೆ. ನಾನು ಚಿಕ್ಕವನಿದ್ದಾಗ ಚಾಪೆ ಮೇಲೆ ಕೂತು ನೋಡಿದ್ದೆ. ಯೇಸುವನ್ನು ಹೊಡೆಯುವಾಗ ಪಕ್ಕದ ಅಜ್ಜಿ ಎದ್ದು ನಿಂತು "ಬಿಡ್ರೋ, ಬಿಡ್ರೋ" ಎಂದು ಅಳುತ್ತಿದ್ದರು. ಶಿಲುಬೆ ಹಾದಿಯ 14 ಸ್ಥಳಗಳು ನನಗೆ ಪುಸ್ತಕದಿಂದ ಬಂದದ್ದಲ್ಲ, ಆ ಅಜ್ಜಿಯ ಅಳುವಿನಿಂದ ಬಂದದ್ದು.

ಕಡಲತಡಿ (ಮಂಗಳೂರು)

ನಮ್ಮದು ಕೊಂಕಣಿ ಮನೆ. ನಮ್ಮಲ್ಲಿ ಧರ್ಮೋಪದೇಶಕ್ಕೆ ದೊತೊರ್ನ್ ಎನ್ನುತ್ತೇವೆ. ನಾನು ಪಾಠಕ್ಕಿಂತ ಹೂವಿನ ವಿಷಯ ಹೇಳುತ್ತೇನೆ.

ಸೆಪ್ಟೆಂಬರ್ 8 ಮಾತೆ ಮರಿಯಳ ಹುಟ್ಟುಹಬ್ಬ, ನಮಗೆ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ. ಅದಕ್ಕೆ ಮುಂಚೆ 9 ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ. ಅಂಗಡಿ ಹೂ ಅಲ್ಲ, ಬೇಲಿ ಬದಿಯ ಹೂ. ಹಿಂದಿನ ಸಂಜೆಯೇ ಯಾರ ಬೇಲಿಯಲ್ಲಿ ಯಾವ ಹೂ ಅರಳುತ್ತದೆ ಎಂದು ನೋಡಿಟ್ಟುಕೊಂಡಿರುತ್ತಾರೆ. ಮಳೆ ಬರುತ್ತಿರುತ್ತದೆ, ಕೊಡೆ ಒಂದು ಕೈಯಲ್ಲಿ, ಬುಟ್ಟಿ ಇನ್ನೊಂದು ಕೈಯಲ್ಲಿ. ಸಾಲಾಗಿ ಬಂದು ಬಾಲ ಮರಿಯಳ ಮೂರ್ತಿಯ ಮುಂದೆ ಹಿಡಿ ಹಿಡಿ ಹೂ ಹಾಕಿ ಹಾಡುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಹಿರಿಯರು ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಎಲ್ಲರಿಗೂ ಒಂದೊಂದು ಗುಟುಕು. ಆ ದಿನ ಊಟ ಪೂರ್ತಿ ತರಕಾರಿಯದೇ.

ನನ್ನ ಮಗಳಿಗೆ 'ಕೃತಜ್ಞತೆ' ಎಂಬ ಪದ ಈಗಲೂ ಸರಿಯಾಗಿ ಉಚ್ಚರಿಸಲು ಬರುವುದಿಲ್ಲ. ಆದರೆ ಹೊಸ ಅಕ್ಕಿ ದೇವರಿಗೆ ಮೊದಲು, ನಮಗೆ ಆಮೇಲೆ ಎನ್ನುವುದು ಗೊತ್ತು. ಟೀಚರ್, ನಿಮ್ಮ ಮಕ್ಕಳಿಗೆ ಕೈಗೆ ಏನಾದರೂ ಕೆಲಸ ಕೊಡಿ. ಬೆಂಚಿನ ಮೇಲೆ ಒಂದು ಗಂಟೆ ಕೂತು ಕಲಿಯುವ ವಯಸ್ಸು ಅದಲ್ಲ.

ಕುವೈತ್ ಕನ್ನಡಿಗ

ಇಲ್ಲಿ ಶುಕ್ರವಾರ ರಜೆ. ಹಾಗಾಗಿ ಧರ್ಮೋಪದೇಶವೂ ಶುಕ್ರವಾರವೇ. ಬೇರೆ ಬೇರೆ ದೇಶದ, ಭಾಷೆಯ ಮಕ್ಕಳು ಒಟ್ಟಿಗೆ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಪ್ರಾರ್ಥನೆ ಕನ್ನಡದಲ್ಲಿ.

ಕನ್ನಡ ಕಷ್ಟ, ಅದಕ್ಕೇ ಅರ್ಥವಾಗುವುದಿಲ್ಲ, ಇಂಗ್ಲಿಷಿನಲ್ಲಿ ಕಲಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ನನ್ನ ಮಗಳು ಎರಡು ವರ್ಷ 'ಹ್ಯಾಲೋಡ್ ಬಿ ದೈ ನೇಮ್' ಅನ್ನುವುದನ್ನು ದೇವರಿಗೆ 'ಹಲೋ' ಹೇಳುವುದು ಅಂದುಕೊಂಡಿದ್ದಳು. ಭಾಷೆ ಬದಲಿಸಿದರೆ ಅರ್ಥ ತಾನಾಗಿ ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು.

'ಚಿತ್ತ' ನಮ್ಮ ಮನೆಯಲ್ಲಿ ಹೇಗೆ ಬಿಡಿಸಿದೆವು ಎಂದು ಹೇಳುತ್ತೇನೆ. ಊರಿನಿಂದ ಅಮ್ಮ ದಿನಾ ರಾತ್ರಿ ವಿಡಿಯೋ ಕಾಲ್ ಮಾಡಿ ಮೊಮ್ಮಗಳ ಜೊತೆ ಒಂದು ದಶಕ, ಅಂದರೆ ಹತ್ತು ಮಣಿಯಷ್ಟು, ಜಪಸರ ಹೇಳುತ್ತಾರೆ. ಒಂದು ದಿನ ಅವಳು ಕೇಳಿಯೇಬಿಟ್ಟಳು. ಅಮ್ಮ ಹೇಳಿದರು, "ನಿನಗೆ ಜ್ವರ ಬಂದಾಗ ಇಂಜೆಕ್ಷನ್ ಬೇಡ ಅಂತ ಅತ್ತೆ. ಆಮೇಲೆ ಅಪ್ಪನ ಮುಖ ನೋಡಿ, ಸರಿ ಅಪ್ಪ, ನೀನು ಹೇಳಿದ ಹಾಗೆ ಅಂದೆ. ಅದೇ ಚಿತ್ತ." ಆಮೇಲೆ ಯೇಸು ಸಾಯುವ ಹಿಂದಿನ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನಿ ತೋಟದ ಕಥೆ. ಯೇಸುವಿಗೂ ಆ ಯಾತನೆಯ ಪಾತ್ರೆ ಬೇಡವಾಗಿತ್ತು. ಆದರೂ 'ನನ್ನ ಚಿತ್ತದಂತೆ ಅಲ್ಲ, ನಿಮ್ಮ ಚಿತ್ತದಂತೆ ಆಗಲಿ' ಅಂದರು. ನಮಗೆ ಕಲಿಸಿದ ಪ್ರಾರ್ಥನೆಯನ್ನೇ ಅವರೂ ಹೇಳಿದರು. ಅವತ್ತು ಮಗಳು ಅಜ್ಜಿಗೆ ಕೇಳಿದ್ದು ಇಷ್ಟೇ: "ಯೇಸುಗೂ ಭಯ ಆಯ್ತಾ?" ಅಮ್ಮ "ಆಯ್ತು ಮಗಾ" ಅಂದರು. ಆ ರಾತ್ರಿ ಇಬ್ಬರೂ ಸ್ವಲ್ಪ ನಿಧಾನವಾಗಿ ಪ್ರಾರ್ಥನೆ ಹೇಳಿದರು.

ಪಾಠದ ಮೇಷ್ಟ್ರು

ನಮ್ಮಲ್ಲಿ ವರ್ಷಕ್ಕೊಂದು ಪರೀಕ್ಷೆ ಇದೆ, ಮೊದಲ ಮೂರು ಮಕ್ಕಳಿಗೆ ಬಹುಮಾನ. ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಪುಸ್ತಕ ತೆರೆಯುವುದಿಲ್ಲ, ಪೋಷಕರೂ ಕೇಳುವುದಿಲ್ಲ. ಇದು ನಿಜ ತಾನೆ?

ಎರಡು ಮಕ್ಕಳ ಅಮ್ಮ

ಮೇಷ್ಟ್ರೇ, ಪುಸ್ತಕ ತೆರೆಯುತ್ತಾರೆ ನಿಜ. ನನ್ನ ದೊಡ್ಡ ಮಗನಿಗೆ ಒಂದು ವರ್ಷ 34 ಅಂಕ ಬಂತು. ಅವನು ಮನೆಗೆ ಬಂದು, "ಅಮ್ಮ, ದೇವರ ಸಬ್ಜೆಕ್ಟಲ್ಲಿ ನಾನು ಫೇಲ್" ಅಂದ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಪ್ರಶ್ನೆ ಕೇಳಿ, ಉತ್ತರ ತಿದ್ದಿ. ರ‍್ಯಾಂಕ್ ಮಾತ್ರ ಬೇಡ.

ಬಿಳಿ ಸೀರೆ (ಹಾಸನ ಜಿಲ್ಲೆ)

ನಾನು ಧರ್ಮಭಗಿನಿ. 20 ವರ್ಷಕ್ಕಿಂತ ಜಾಸ್ತಿ ಈ ತರಗತಿಯನ್ನೇ ಕಲಿಸಿದ್ದೇನೆ. ಮಾತಿನ ಬಗ್ಗೆ ಚರ್ಚೆ ಆಗುತ್ತಿರುವುದು ನೋಡಿ ತುಂಬ ಸಂತೋಷವಾಯಿತು. ನನಗೂ ಎರಡು ಪದಗಳು ಪ್ರತಿ ವರ್ಷ ಎದುರಾಗುತ್ತವೆ. ಒಂದು 'ಬಲಿ', ಇನ್ನೊಂದು 'ಪ್ರಸಾದ'.

ನಮ್ಮ ಹಳ್ಳಿ ಮಕ್ಕಳಿಗೆ ಬಲಿ ಅಂದರೆ ಚೆನ್ನಾಗಿ ಗೊತ್ತು. ಪಕ್ಕದ ಬೀದಿಯ ಮಾರಿಹಬ್ಬದಲ್ಲಿ ಕುರಿ ಕಡಿಯುವುದನ್ನು ಕಂಡಿರುತ್ತಾರೆ. "ಬಲಿಪೂಜೆ ಅಂತೀರಲ್ಲ ಸಿಸ್ಟರ್, ಕುರಿ ಎಲ್ಲಿ?" ಎಂದು ಒಬ್ಬಳು ಕೇಳಿದಳು. ಕೆಲವು ಟೀಚರ್‌ಗಳು ಇಂಥ ಪ್ರಶ್ನೆಗೆ ಗದರಿಸುತ್ತಾರೆ. ಗದರಬೇಡಿ. ಇದು ಅಬ್ರಹಾಮನ ಜೊತೆ ಬೆಟ್ಟ ಹತ್ತುವಾಗ ಇಸಾಕ ಕೇಳಿದ ಪ್ರಶ್ನೆಯೇ ಅಲ್ಲವೇ? ಕಟ್ಟಿಗೆ ಇದೆ, ಬೆಂಕಿ ಇದೆ, ಕುರಿಮರಿ ಎಲ್ಲಿ ಅಪ್ಪಾ? ಆ ಮಗುವಿನ ಕೈ ಹಿಡಿದು ಮುಂದಿನ ಪೂಜೆಗೆ ಕರೆದುಕೊಂಡು ಹೋದೆ. 'ಲೋಕದ ಪಾಪಗಳನ್ನು ಪರಿಹರಿಸುವ ದೇವರ ಕುರಿಮರಿಯೇ' ಎಂದು ಎಲ್ಲರೂ ಯೇಸುವಿಗೆ ಹೇಳಿದಾಗ ಅವಳ ಕೈಯನ್ನು ಮೆಲ್ಲಗೆ ಒತ್ತಿದೆ. ಅವಳು ನನ್ನ ಮುಖ ನೋಡಿದಳು, ಬಲಿಪೀಠ ನೋಡಿದಳು. ನಾನು ಏನೂ ವಿವರಿಸಬೇಕಾಗಲಿಲ್ಲ.

ಪ್ರಸಾದದ ವಿಷಯ. ಮಕ್ಕಳ ಸ್ನೇಹಿತರೆಲ್ಲ ಹಿಂದೂ ಮನೆಯವರು. ಗುಡಿಯ ಪ್ರಸಾದ ಇವರೂ ತಿಂದಿರುತ್ತಾರೆ, ಅವರ ಮನೆಗೆ ನಾವೂ ಕೇಕ್ ಕಳಿಸಿರುತ್ತೇವೆ. ಯಾರನ್ನೂ ಹೀಯಾಳಿಸದೆ ಹೇಳಿ. ಅಲ್ಲಿ ಭಕ್ತರು ದೇವರಿಗೆ ಅರ್ಪಿಸಿದ್ದನ್ನು ದೇವರ ದಯೆ ಎಂದು ಹಂಚುತ್ತಾರೆ. ನಮ್ಮ ವಿಶ್ವಾಸದಲ್ಲಿ ಇಲ್ಲಿ ಕೊಡುವವರೂ ಯೇಸುವೇ, ಕೊಡುತ್ತಿರುವುದೂ ತಮ್ಮನ್ನೇ. ಅದಕ್ಕೇ ಪರಮ ಎಂಬ ಮಾತು ಮುಂದೆ ಸೇರಿಕೊಂಡಿದೆ. ಮಕ್ಕಳು ಇದನ್ನು ನಾವು ಅಂದುಕೊಂಡದ್ದಕ್ಕಿಂತ ಬೇಗ ಹಿಡಿಯುತ್ತಾರೆ.

ನಮ್ಮ ಕಾನ್ವೆಂಟಿನಲ್ಲಿ ಓಸ್ತಿ, ಅಂದರೆ ಪರಮಪ್ರಸಾದಕ್ಕೆ ಬಳಸುವ ರೊಟ್ಟಿ ಮಾಡುತ್ತೇವೆ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದು ತೋರಿಸುತ್ತೇನೆ. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಸಕ್ಕರೆ ಇಲ್ಲ, ಹುಳಿ ಇಲ್ಲ. ತೆಳ್ಳಗಿನ ಹಿಟ್ಟನ್ನು ಎರಡು ಬಿಸಿ ಕಬ್ಬಿಣದ ತಟ್ಟೆಗಳ ನಡುವೆ ಹೊಯ್ದು ಒತ್ತುತ್ತೇವೆ. ಚುಂಯ್ ಎಂದು ಆವಿ ಬರುತ್ತದೆ. ಹಪ್ಪಳಕ್ಕಿಂತ ತೆಳುವಾದ ಹಾಳೆ ಹೊರಗೆ ಬರುತ್ತದೆ. ಹಾಗೇ ಕತ್ತರಿಸಿದರೆ ಪುಡಿಯಾಗುತ್ತದೆ, ಅದಕ್ಕೆ ಸ್ವಲ್ಪ ತೇವದಲ್ಲಿ ಇಟ್ಟು ಆಮೇಲೆ ದುಂಡಗೆ ಕತ್ತರಿಸುತ್ತೇವೆ. ಅಂಚಿನ ಚೂರುಗಳನ್ನು ಮಕ್ಕಳಿಗೆ ತಿನ್ನಲು ಕೊಡುತ್ತೇನೆ. "ರುಚಿಯೇ ಇಲ್ಲ ಸಿಸ್ಟರ್" ಎನ್ನುತ್ತಾರೆ. "ಹೌದು, ಈಗ ಇದು ಬರೀ ರೊಟ್ಟಿ. ಪೂಜೆಯಲ್ಲಿ ಏನಾಗುತ್ತದೆ?" ಎಂದು ಕೇಳುತ್ತೇನೆ. ಆ ಪ್ರಶ್ನೆಗೆ ಉತ್ತರ ಹೇಳುವಾಗ ಮಕ್ಕಳ ದನಿ ತಾನಾಗಿಯೇ ತಗ್ಗುತ್ತದೆ.

ವಯಸ್ಸಿನ ಬಗ್ಗೆ ಒಂದು ಮಾತು. ಹಿಂದೆ ಹಲವು ಕಡೆ ಮಕ್ಕಳು ಹತ್ತು, ಹನ್ನೆರಡು, ಇನ್ನೂ ಹೆಚ್ಚು ವರ್ಷದವರೆಗೆ ಕಾಯಬೇಕಿತ್ತು. 1910ರಲ್ಲಿ ಹತ್ತನೇ ಪಿಯುಸ್ ಜಗದ್ಗುರುಗಳು (ಪೋಪ್) ಸುಮಾರು 7 ವರ್ಷ, ಅಂದರೆ ಬುದ್ಧಿ ತಿಳಿಯುವ ವಯಸ್ಸು ಸಾಕು ಅಂದರು. ಪೂರ್ತಿ ತಿಳಿವಳಿಕೆ ಇರಬೇಕು ಎಂದು ಅವರು ಕೇಳಲಿಲ್ಲ. ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ವ್ಯತ್ಯಾಸ ತಿಳಿಯಬೇಕು, ಮುಖ್ಯ ವಿಷಯಗಳು ತನ್ನ ಮಟ್ಟಿಗೆ ಗೊತ್ತಿರಬೇಕು, ಭಕ್ತಿ ಇರಬೇಕು ಅಂದರು. ಟೀಚರ್, ಇದನ್ನು ನೆನಪಿಟ್ಟುಕೊಂಡರೆ ನಿಮ್ಮ 5 ತಿಂಗಳು ಸಾಕಷ್ಟಾಯಿತು.

ಯುವಜನ ಸಂಘ

2025ರ ಸೆಪ್ಟೆಂಬರ್ 7ರಂದು ಸಂತ ಪದವಿ ಪಡೆದ ಕಾರ್ಲೊ ಅಕುಟಿಸ್ ಮೊದಲ ಪರಮಪ್ರಸಾದ ಪಡೆದಾಗ 7 ವರ್ಷದವನು. 2006ರಲ್ಲಿ, 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಜೀನ್ಸ್, ಶೂ ಹಾಕಿದ ಅವನ ಫೋಟೋ ತೋರಿಸಿದರೆ ನಮ್ಮ ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಟೀಚರ್ ಅದನ್ನೂ ಬಳಸಿಕೊಳ್ಳಬಹುದು.

ಹಿಂದಿನ ಬೆಂಚು (ಶಿವಮೊಗ್ಗ)

ಪಾಪನಿವೇದನೆಯ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ನಾನು ಚಿಕ್ಕವನಿದ್ದಾಗ ನನಗಿದ್ದ ಒಂದೇ ಭಯ: ಸ್ವಾಮಿಗಳು ಅಮ್ಮನಿಗೆ ಹೇಳಿಬಿಟ್ಟರೆ? ಅದನ್ನು ಯಾರಿಗೂ ಕೇಳಲಾಗದೆ, ನಿಜವಾಗಿ ಮಾಡಿದ್ದನ್ನು ಬಿಟ್ಟು ಬೇರೆ ಏನೇನೋ ಹೇಳಿ ಬಂದೆ. ಆ ಭಾರ ಬಹಳ ವರ್ಷ ಇತ್ತು. ದಯವಿಟ್ಟು ಮಕ್ಕಳಿಗೆ ಮೊದಲೇ ಸ್ಪಷ್ಟವಾಗಿ ಹೇಳಿ. ಗುರುಗಳು ಅದನ್ನು ಅಮ್ಮನಿಗೂ ಹೇಳುವಂತಿಲ್ಲ, ಪೊಲೀಸರಿಗೂ ಹೇಳುವಂತಿಲ್ಲ, ಜಗದ್ಗುರುಗಳಿಗೂ ಹೇಳುವಂತಿಲ್ಲ. ಹೇಳಿದರೆ ಧರ್ಮಸಭೆಯ ಅತಿ ದೊಡ್ಡ ಶಿಕ್ಷೆ ಅವರಿಗೇ. 1393ರಲ್ಲಿ ಪ್ರಾಗ್ ನಗರದ ನದಿಗೆ ಎಸೆದು ಕೊಂದ ಸಂತ ಜಾನ್ ನೆಪೊಮುಕರ ಕಥೆ ಹೇಳಿ. ರಾಣಿ ಹೇಳಿಕೊಂಡದ್ದನ್ನು ರಾಜನಿಗೆ ತಿಳಿಸಲು ಒಪ್ಪದೆ ಸತ್ತರು ಎನ್ನುವುದು ಹಿಂದಿನಿಂದ ಬಂದ ನಂಬಿಕೆ.

ನಮ್ಮಜ್ಜಿ ಪಶ್ಚಾತ್ತಾಪದ ಪ್ರಾರ್ಥನೆಗೆ 'ಮನಸ್ತಾಪದ ಜಪ' ಎನ್ನುತ್ತಿದ್ದರು. ಈಗ ಮನಸ್ತಾಪ ಅಂದರೆ ಇಬ್ಬರ ನಡುವಿನ ಮುನಿಸು. ನನ್ನ ಮಗನಿಗೆ ಅದನ್ನೇ ಹಿಡಿದು ಹೇಳಿದೆ. "ನಿನ್ನ ಫ್ರೆಂಡ್ ಜೊತೆ ಟೂ ಬಿಟ್ಟಾಗ ಎದೆಯಲ್ಲಿ ಹೇಗಿರುತ್ತೆ? ಹೋಗಿ ಮಾತಾಡಿಸೋವರೆಗೂ ಸಮಾಧಾನ ಇರುತ್ತಾ?" ಅವನು "ಇರಲ್ಲ" ಅಂದ. ಪಾಪನಿವೇದನೆ ಮಾಡಿ ಹೊರಗೆ ಬಂದಾಗ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದ.

ಇನ್ನೊಂದು ವಿಷಯ. ಮೂರು ವರ್ಷ ನಾನು ಮಗನನ್ನು ಗೇಟಿನ ಹತ್ತಿರ ಇಳಿಸಿ, ಹೊರಗೆ ಬೈಕ್ ಮೇಲೆ ಕೂತಿರುತ್ತಿದ್ದೆ. ಮಕ್ಕಳಿಗೆ ವಿಶ್ವಾಸ ಕಲಿಸುವ ಮೊದಲ ಹೊಣೆ ಅಪ್ಪ ಅಮ್ಮನದು ಎಂದು ನಮ್ಮ ಧರ್ಮಸಭೆ ಸ್ಪಷ್ಟವಾಗಿ ಹೇಳುತ್ತದೆ. ಮನೆಯನ್ನು ಪುಟ್ಟ ಧರ್ಮಸಭೆ ಎಂದೇ ಕರೆಯುತ್ತದೆ. ಈಗ ಟೀಚರ್ ಅನುಮತಿ ಕೇಳಿ ಒಳಗೇ ಕೂರುತ್ತೇನೆ. ಮನೆಗೆ ಹೋಗುವ ದಾರಿಯಲ್ಲಿ ಇಬ್ಬರಿಗೂ ಮಾತಾಡಲು ಏನಾದರೂ ಇರುತ್ತದೆ.

ಬಿಳಿ ಸೀರೆ

ಅಪ್ಪಂದಿರು ಒಳಗೆ ಕೂರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಯಾವ ಮಗುವಿನ ಜೊತೆಗೂ ಯಾರೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು. ಫಾದರ್ ಆಗಲಿ, ಸಿಸ್ಟರ್ ಆಗಲಿ, ಟೀಚರ್ ಆಗಲಿ. ಮಕ್ಕಳ ಪಾಪನಿವೇದನೆಯನ್ನು ಎಲ್ಲರಿಗೂ ಕಾಣುವ, ಯಾರಿಗೂ ಕೇಳಿಸದ ಜಾಗದಲ್ಲಿ ಇಟ್ಟುಕೊಳ್ಳಿ. ಇದರಲ್ಲಿ ಮುಲಾಜು ಬೇಡ.

ಹೆಸರು ಬೇಡ

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಮಗನಿಗೆ 11 ವರ್ಷ. ಆಟಿಸಂ ಇದೆ. ಮಾತು ತುಂಬ ಕಡಿಮೆ. ನಾವು ಮೊದಲು ಇದ್ದ ಧರ್ಮಕೇಂದ್ರದಲ್ಲಿ "ಪ್ರಾರ್ಥನೆ ಹೇಳಲು ಬಂದ ಮೇಲೆ ನೋಡೋಣ" ಅಂದರು. ಅವನ ವಯಸ್ಸಿನ ಮಕ್ಕಳೆಲ್ಲ ಬಿಳಿ ಬಟ್ಟೆ ಹಾಕಿಕೊಂಡು ಮೊಂಬತ್ತಿ ಹಿಡಿದು ಸಾಲಾಗಿ ಹೋದ ದಿನ ನಾನು ಅವನನ್ನು ಕರೆದುಕೊಂಡು ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ.

ಆಮೇಲೆ ಮನೆ ಬದಲಾಯಿಸಿದೆವು. ಹೊಸ ಕಡೆ ಒಬ್ಬರು ವಯಸ್ಸಾದ ಟೀಚರ್ ಇದ್ದರು. "ಇವನನ್ನು ನನ್ನ ಹತ್ತಿರ ಬಿಡಮ್ಮ, ನೀನೂ ಪಕ್ಕದಲ್ಲಿ ಕೂತುಕೋ" ಅಂದರು. ಪುಸ್ತಕ ತೆರೆಯಲೇ ಇಲ್ಲ. ಪ್ರತಿ ವಾರ ಅವನನ್ನು ಪರಮಪ್ರಸಾದದ ಪೆಟ್ಟಿಗೆಯ ಹತ್ತಿರದ ಕೆಂಪು ದೀಪದ ಮುಂದೆ ನಿಲ್ಲಿಸಿ, ಪೆಟ್ಟಿಗೆ ತೋರಿಸಿ "ಯೇಸು" ಎನ್ನುತ್ತಿದ್ದರು. ಅಷ್ಟೇ. ಅವನಿಗೆ ದೀಪ ಇಷ್ಟ, ನೋಡುತ್ತಾ ನಿಲ್ಲುತ್ತಿದ್ದ. ತರಗತಿಗೆ ಬಂದು ಬಿಸ್ಕೆಟ್ ತೋರಿಸಿ "ತಿಂಡಿ" ಎನ್ನುತ್ತಿದ್ದರು. ಆಶೀರ್ವದಿಸದ ಓಸ್ತಿಯ ಚೂರು ಬಾಯಿಗೆ ಇಟ್ಟು ಅಭ್ಯಾಸ ಮಾಡಿಸಿದರು. ಮೊದಲ ನಾಲ್ಕು ವಾರ ಉಗುಳಿದ. ಐದನೇ ವಾರ ನುಂಗಿದ.

ಏಳು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಿದ್ದೆ. ಅವನು ನನ್ನ ಸೆರಗು ಹಿಡಿದುಕೊಂಡಿದ್ದ. ಫಾದರ್ "ಕ್ರಿಸ್ತರ ಶರೀರ" ಅಂದರು. ನಾನು ಆಮೆನ್ ಅನ್ನುವ ಮುಂಚೆ ಅವನು ಬೆರಳು ತೋರಿಸಿ "ಯೇಸು" ಅಂದ. ಜೋರಾಗಿಯೇ ಅಂದ. ತಿಂಡಿ ಅನ್ನಲಿಲ್ಲ. ಫಾದರ್ ಒಂದು ಕ್ಷಣ ಹಾಗೇ ನಿಂತುಬಿಟ್ಟರು. ಮುಂದಿನ ತಿಂಗಳು ಅವನಿಗೆ ಮೊದಲ ಪರಮಪ್ರಸಾದ ಆಯಿತು.

ಟೀಚರ್, ನನ್ನ ಮಗನಿಗೆ ಬಾಯಿಪಾಠವೂ ಬರುವುದಿಲ್ಲ, ಅರ್ಥ ಹೇಳಲೂ ಬರುವುದಿಲ್ಲ. ಒಂದೇ ಒಂದು ಮಾತು ಬರುತ್ತದೆ.

ಬಿಳಿ ಸೀರೆ

ಅಮ್ಮಾ, ನೀವು ಬರೆದದ್ದನ್ನು ನಮ್ಮ ಸಿಸ್ಟರ್‌ಗಳಿಗೆಲ್ಲ ಓದಿ ಹೇಳಿದೆ. ಇದೇ ಪರಿಸ್ಥಿತಿಯಲ್ಲಿ ಇರುವ ಬೇರೆ ಪೋಷಕರು ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. 2020ರಲ್ಲಿ ವ್ಯಾಟಿಕನ್ ಹೊರತಂದ ಧರ್ಮೋಪದೇಶದ ಕೈಪಿಡಿಯಲ್ಲಿ, ಅಂಗವೈಕಲ್ಯ ಇರುವವರಿಗೆ ಪರಮಪ್ರಸಾದದಂಥ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು ನೇರವಾಗಿ ಬರೆದಿದೆ. ಯಾರಾದರೂ ಆಗುವುದಿಲ್ಲ ಅಂದರೆ ಬೇಸರದಿಂದ ಸುಮ್ಮನೆ ಮನೆಗೆ ಬರಬೇಡಿ. ಧರ್ಮಕೇಂದ್ರದ ಗುರುಗಳ ಹತ್ತಿರ ಇದನ್ನು ಹೇಳಿ. ಅಲ್ಲೂ ಆಗದಿದ್ದರೆ ಧರ್ಮಪ್ರಾಂತ್ಯಕ್ಕೆ (ಬಿಷಪರ ಕಚೇರಿಗೆ) ಪತ್ರ ಬರೆಯಿರಿ.

ಉಪದೇಶಿಯ ಮೊಮ್ಮಗ

ಆ ವಯಸ್ಸಾದ ಟೀಚರ್‌ಗೆ ನನ್ನ ನಮಸ್ಕಾರ ತಿಳಿಸಿ ಅಮ್ಮ. 2021ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಉಪದೇಶಿಯ ಕೆಲಸವನ್ನು ಧರ್ಮಸಭೆಯ ಅಧಿಕೃತ ಸೇವೆ ಎಂದು ಸ್ಥಾಪಿಸಿದಾಗ ನನಗೆ ತಾತ ನೆನಪಾಗಿದ್ದರು. ಈಗ ನಿಮ್ಮ ಟೀಚರೂ ನೆನಪಾಗುತ್ತಾರೆ.

ಭಾನುವಾರದ ಟೀಚರ್

ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಕ್ಲಾಸು ಮುಗಿಸಿ ಬಂದು ಬರೆಯುತ್ತಿದ್ದೇನೆ.

ಪ್ರಾರ್ಥನೆ ಒಪ್ಪಿಸುವುದು ಎಂದಿನಂತೆ ನಡೆಯಿತು, ಆದರೆ ಇವತ್ತು ನಿಲ್ಲಿಸಿ ನಿಲ್ಲಿಸಿ. 'ಚಿತ್ತ' ಬಂದಾಗ ಕುವೈತ್ ಅಜ್ಜಿಯ ಇಂಜೆಕ್ಷನ್ ಕಥೆ ಹೇಳಿದೆ. ಪಾಠಕ್ಕೆ ಪುಸ್ತಕ ಮುಚ್ಚಿಟ್ಟು ಬೋರ್ಡಿನ ಮೇಲೆ ಒಂದೇ ಪದ ಬರೆದೆ: ಪಾಪ. ಅದನ್ನು ಎರಡು ಥರ ಓದಿಸಿದೆ. "ಅವನು ಪಾಪ ಮಾಡಿದ." "ಅಯ್ಯೋ ಪಾಪ." ಆಮೇಲೆ ದಾರಿ ತಪ್ಪಿದ ಮಗನ ಕಥೆ. ಇಬ್ಬರು ಮಕ್ಕಳು ಅಪ್ಪ, ಮಗ ಆದರು. ಅಪ್ಪ ಆದವನು ಬಾಗಿಲಿನ ಹತ್ತಿರ, ಮಗ ಆದವನು ಅಂಗಳದ ತುದಿಯ ಸಂಪಿಗೆ ಮರದ ಹತ್ತಿರ. ಅಪ್ಪ ಆದವನು ನಾನು ಹೇಳುವ ಮೊದಲೇ ಓಡಿದ. ಚಪ್ಪಲಿ ಒಂದು ದಾರಿಯಲ್ಲೇ ಬಿತ್ತು.

ಹೋದ ವಾರ ಪ್ರಶ್ನೆ ಕೇಳಿದ ಹುಡುಗ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಾ ನಿಂತಿದ್ದ. ಎಲ್ಲರೂ ಒಳಗೆ ಬಂದ ಮೇಲೆ ನನ್ನ ಮೇಜಿನ ಹತ್ತಿರ ಬಂದ.

"ಮಿಸ್, ದೂರ ಇರುವಾಗಲೇ ಅಪ್ಪಂಗೆ ಕಾಣಿಸ್ತು ಅಂದ್ರಲ್ಲ?"

"ಹೌದು."

"ಅಂದ್ರೆ ಅಪ್ಪ ದಿನಾ ರಸ್ತೆ ನೋಡ್ತಾ ಇದ್ನಾ?"

ಇಷ್ಟು ವರ್ಷ ಈ ಕಥೆ ಓದಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. "ಹೌದು, ದಿನಾ ನೋಡುತ್ತಿದ್ದ" ಅಂದೆ. ಅವನು ಬ್ಯಾಗ್ ಎತ್ತಿಕೊಂಡು ಗೇಟಿನ ಕಡೆ ಓಡಿದ. ಅಲ್ಲಿ ಅವನ ಅಪ್ಪ ಕಾಯುತ್ತಿದ್ದರು.

ಮುಂದಿನ ವಾರದ ಪದ 'ಬಲಿ'. ಸಿಸ್ಟರ್, ಓಸ್ತಿಯ ಅಂಚಿನ ಚೂರುಗಳು ಒಂದಿಷ್ಟು ಸಿಗಬಹುದಾ? ಶನಿವಾರ ನಾನೇ ಬಸ್ಸಿನಲ್ಲಿ ಬಂದು ತೆಗೆದುಕೊಂಡು ಹೋಗುತ್ತೇನೆ.

ಬಿಳಿ ಸೀರೆ

ಬನ್ನಿ. ಒಂದು ಡಬ್ಬಿ ತುಂಬ ತೆಗೆದಿಟ್ಟಿರುತ್ತೇನೆ.